ಈಗ ಡಿಎಸ್ಎಲ್ಆರ್ ಕೊಳ್ಳಬಹುದಾ? ನೀವು ಏನು ತೆಗೆಯುತ್ತೀರಿ ಅನ್ನೋದರ ಮೇಲಿದೆ

ಡಿಎಸ್ಎಲ್ಆರ್ ಅಂದರೆ ಲೆನ್ಸ್ ಬದಲಾಯಿಸಬಹುದಾದ, ಒಳಗೆ ಕನ್ನಡಿ ಇರುವ ಕ್ಯಾಮೆರಾ. ಅದರ ಹೊಸ ಮಾಡೆಲ್ ಬರುವುದು ಹೆಚ್ಚೂಕಡಿಮೆ ನಿಂತೇ ಹೋಗಿದೆ. ಕ್ಯಾನನ್‌ನ 1ಡಿ ಎಕ್ಸ್ ಮಾರ್ಕ್ 3, ನಿಕಾನ್‌ನ ಡಿ6 ಎರಡೂ ಬಂದಿದ್ದು 2020ರಲ್ಲಿ. ಅವುಗಳ ಜಾಗಕ್ಕೆ ಇನ್ನೊಂದು ಡಿಎಸ್ಎಲ್ಆರ್ ಬರಲಿಲ್ಲ. ತಮ್ಮ ಕಂಪನಿಯ ಅತಿ ಮೇಲ್ಮಟ್ಟದ ಡಿಎಸ್ಎಲ್ಆರ್ ಸಾಲಿನಲ್ಲಿ 1ಡಿ ಎಕ್ಸ್ ಮಾರ್ಕ್ 3 ಕೊನೆಯದು ಅಂತ ಕ್ಯಾನನ್ ಮುಖ್ಯಸ್ಥ ಫುಜಿಯೊ ಮಿತರಾಯಿ 2021ರ ಕೊನೆಗೆ ಹೇಳಿಯೂಬಿಟ್ಟರು. ಸೋನಿ ಅದೇ ವರ್ಷ ಕನ್ನಡಿ ಇರುವ ತನ್ನ ಎ-ಮೌಂಟ್ ಕ್ಯಾಮೆರಾಗಳನ್ನು ನಿಲ್ಲಿಸಿತು. ನಮ್ಮಲ್ಲಿ ಎಷ್ಟೋ ಜನ ಮೊದಲ ಕ್ಯಾಮೆರಾ ಅಂತ ಕೊಂಡಿದ್ದು ನಿಕಾನ್ ಡಿ3500, ಡಿ5600. ಅವುಗಳ ತಯಾರಿಕೆಯೂ ನಿಂತಿದೆ. ಪೆಂಟಾಕ್ಸ್ ಮಾತ್ರ ಇನ್ನೂ ಡಿಎಸ್ಎಲ್ಆರ್ ಕೈಬಿಟ್ಟಿಲ್ಲ. ಆದರೆ ನಮ್ಮ ಊರುಗಳಲ್ಲಿ ಅದರ ಲೆನ್ಸ್ ಹುಡುಕುವುದೇ ಒಂದು ಕೆಲಸ.

ಹಾಗಾದರೆ ಇವತ್ತು ಡಿಎಸ್ಎಲ್ಆರ್ ಕೊಳ್ಳುವುದು ದುಡ್ಡು ದಂಡವಾ? ಎಲ್ಲರಿಗೂ ಅಲ್ಲ. ಕಂಪನಿಗಳೂ, ಹೊಸದನ್ನು ಬಯಸುವವರೂ ಕನ್ನಡಿ ಇಲ್ಲದ ಮಿರರ್‌ಲೆಸ್ ಕಡೆ ಹೋಗಿದ್ದರಿಂದಲೇ ಒಳ್ಳೊಳ್ಳೆ ಡಿಎಸ್ಎಲ್ಆರ್‌ಗಳು, ಅದಕ್ಕಿಂತ ಮುಖ್ಯವಾಗಿ ಒಳ್ಳೊಳ್ಳೆ ಲೆನ್ಸ್‌ಗಳು, ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ಬೆಲೆಗೆ ಬಿದ್ದಿವೆ. ಕಲಿಯುವ ಹುಡುಗ ಹುಡುಗಿಯರಿಗೆ, ಕೈಯಲ್ಲಿ ಸ್ವಲ್ಪವೇ ದುಡ್ಡಿಟ್ಟುಕೊಂಡು ಹಕ್ಕಿ ಫೋಟೊ ತೆಗೆಯಬೇಕು ಅನ್ನುವವರಿಗೆ ಇಂಥ ಕಾಲ ಹಿಂದೆ ಇರಲಿಲ್ಲ. ವಿಡಿಯೊ ಮಾಡುವವರಿಗೆ, ಮದುವೆ ಫೋಟೊವನ್ನೇ ಹೊಟ್ಟೆಪಾಡು ಮಾಡಿಕೊಳ್ಳಲು ಹೊರಟವರಿಗೆ ಮಾತ್ರ ನಾನು ಬೇರೆ ದಾರಿಯನ್ನೇ ಹೇಳುತ್ತೇನೆ.

ಡಿಎಸ್ಎಲ್ಆರ್, ಮಿರರ್‌ಲೆಸ್ ಎರಡಕ್ಕೂ ಇರುವ ವ್ಯತ್ಯಾಸ ಒಂದು ಕನ್ನಡಿ. ಡಿಎಸ್ಎಲ್ಆರ್‌ನಲ್ಲಿ ಲೆನ್ಸ್ ಹಿಂದೆ ಓರೆಯಾಗಿ ಕನ್ನಡಿ ಇರುತ್ತದೆ. ಬೆಳಕು ಅದಕ್ಕೆ ಬಡಿದು ಮೇಲೆ ಹೋಗಿ ನಿಮ್ಮ ಕಣ್ಣಿಗೆ ಬರುತ್ತದೆ. ಬಟನ್ ಒತ್ತಿದರೆ ಕನ್ನಡಿ ಟಪ್ಪೆಂದು ಮೇಲೆ ಎದ್ದು, ಬೆಳಕು ಹಿಂದಿರುವ, ಚಿತ್ರ ಹಿಡಿಯುವ ಸೆನ್ಸರ್‌ಗೆ ಬೀಳುತ್ತದೆ. ಮಿರರ್‌ಲೆಸ್‌ನಲ್ಲಿ ಕನ್ನಡಿ ಇಲ್ಲ. ಸೆನ್ಸರ್ ನೋಡಿದ್ದನ್ನೇ ಒಂದು ಪುಟ್ಟ ಪರದೆಯಲ್ಲಿ ನಿಮಗೆ ತೋರಿಸುತ್ತದೆ. ಪರದೆ ಸದಾ ಉರಿಯುತ್ತಿರುವುದರಿಂದ ಬ್ಯಾಟರಿ ಬೇಗ ಇಳಿಯುತ್ತದೆ. ಕಂಪನಿ ಲೆಕ್ಕದಲ್ಲೇ ಡಿ3500 ಒಂದು ಚಾರ್ಜ್‌ಗೆ 1550 ಫೋಟೊ ಕೊಡುತ್ತದೆ. ಅದೇ ಮಟ್ಟದ ಎಷ್ಟೋ ಮಿರರ್‌ಲೆಸ್‌ಗಳು 300–400ರ ಆಸುಪಾಸಿನಲ್ಲಿವೆ. ಕುದುರೆಮುಖ ಹತ್ತುವವರಿಗೆ, ಎರಡು ದಿನ ಕರೆಂಟ್ ಇಲ್ಲದ ಕಡೆ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಅತ್ತ ಮಿರರ್‌ಲೆಸ್‌ಗೆ ಸೆನ್ಸರ್ ಮೂಲಕವೇ ಇಡೀ ಚೌಕಟ್ಟು ಕಾಣುತ್ತಿರುತ್ತದೆ. ಹಾಗಾಗಿ ಮನುಷ್ಯರ ಕಣ್ಣು, ಹಕ್ಕಿಯ ಕಣ್ಣು ಗುರುತಿಸಿ ಅಲ್ಲೇ ಫೋಕಸ್ ಹಿಡಿಯುವುದು ಅದಕ್ಕೆ ಸುಲಭ.

ಕ್ಯಾಮೆರಾ ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ಮೆಗಾಪಿಕ್ಸೆಲ್, ಅಂದರೆ ಚಿತ್ರದಲ್ಲಿ ಎಷ್ಟು ಹತ್ತು ಲಕ್ಷ ಚುಕ್ಕೆ ಇವೆ ಅನ್ನುವ ಲೆಕ್ಕ. ಇದನ್ನು ಬೇಗ ಮುಗಿಸಿಬಿಡೋಣ. ಫುಲ್ ಎಚ್‌ಡಿ ಪರದೆಯಲ್ಲಿರುವುದು ಸುಮಾರು 2 ಮೆಗಾಪಿಕ್ಸೆಲ್. 4ಕೆ ಟಿವಿಯಲ್ಲಿ 8ಕ್ಕಿಂತ ಸ್ವಲ್ಪ ಜಾಸ್ತಿ. ಎ3 ಅಳತೆಯ ಕಾಗದದಲ್ಲಿ ಚೊಕ್ಕವಾಗಿ ಪ್ರಿಂಟ್ ಹಾಕಿಸಲು 17–18 ಸಾಕು. ಹತ್ತು ವರ್ಷದ ಹಿಂದಿನ ಡಿಎಸ್ಎಲ್ಆರ್‌ಗಳಲ್ಲೇ 24 ಇತ್ತು. ಇನ್ನು ಫೋಟೊಗಳೆಲ್ಲ ವಾಟ್ಸಾಪ್‌ಗೆ, ಇನ್‌ಸ್ಟಾಗ್ರಾಮ್‌ಗೆ ಮಾತ್ರ ಹೋಗುವುದು, ತೆಗೆಯುವುದು ಮನೆಮಂದಿ, ಊಟ, ಪ್ರವಾಸ ಅಂತಾದರೆ ಒಳ್ಳೆ ಫೋನ್ ಸಾಕು. ಅಂಥವರು ಡಿಎಸ್ಎಲ್ಆರ್ ತಂದರೆ ಆರು ತಿಂಗಳಲ್ಲಿ ಅದು ಬೀರು ಸೇರುತ್ತದೆ.

ಫೋನ್ ಸೋಲುವ ಜಾಗಗಳು ಬೇರೆ ಇವೆ. ಅಲ್ಲಿಂದಲೇ ಕ್ಯಾಮೆರಾ ಆರಿಸುವ ಕೆಲಸ ಶುರುವಾಗಬೇಕು.

ಯಕ್ಷಗಾನವನ್ನೇ ತೆಗೆದುಕೊಳ್ಳಿ. ರಾತ್ರಿ ಆಟ. ವೇದಿಕೆಗೆ ಲೈಟ್ ಇದ್ದರೂ ಹಗಲಿನ ಬೆಳಕಿನ ಮುಂದೆ ಅದು ಏನೂ ಅಲ್ಲ. ವೇಷಧಾರಿ ಒಂದು ನಿಮಿಷ ಗಂಭೀರವಾಗಿ ನಿಂತು ಅರ್ಥ ಹೇಳುತ್ತಾರೆ, ಮರುಕ್ಷಣ ಚೆಂಡೆ ಏರಿದಾಗ ಗಿರಗಿರನೆ ದಿಗಿಣ ಹಾಕುತ್ತಾರೆ. ಕ್ಯಾಮೆರಾ ಜೊತೆ ಬರುವ 18-55 ಮಿ.ಮೀ. ಕಿಟ್ ಲೆನ್ಸ್ ಅನ್ನು ಪೂರ್ತಿ ಝೂಮ್ ಮಾಡಿದರೆ ಅದರ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಎಫ್ 5.6ಕ್ಕೆ ಬಂದು ನಿಲ್ಲುತ್ತದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ತೋರಿಸುವ ಐಎಸ್ಒ 3200 ಇಟ್ಟರೂ ಶಟರ್ ಸ್ಪೀಡ್, ಅಂದರೆ ಬೆಳಕು ಒಳಗೆ ಬಿಡುವ ಹೊತ್ತು, ಸೆಕೆಂಡಿನ 60ನೇ ಒಂದು ಭಾಗದ ಹತ್ತಿರ ಸಿಗಬಹುದು. ನಿಂತ ವೇಷಕ್ಕೆ ಅದು ಸಾಕು. ದಿಗಿಣಕ್ಕೆ ಸಾಲದು. ಕಿರೀಟ, ಕೈ, ಮುಖ ಎಲ್ಲ ಕಲಸಿಹೋಗುತ್ತದೆ. ಈಗ ಅದೇ ಕ್ಯಾಮೆರಾಗೆ 50 ಮಿ.ಮೀ. ಎಫ್ 1.8 ಲೆನ್ಸ್ ಹಾಕಿ. ಇದು ಕ್ಯಾನನ್, ನಿಕಾನ್ ಎರಡರಲ್ಲೂ ಅತಿ ಕಡಿಮೆ ಬೆಲೆಯ ಲೆನ್ಸ್‌ಗಳಲ್ಲಿ ಒಂದು. ಒಳಗೆ ಬರುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ಅದೇ ಐಎಸ್ಒಗೆ ಸೆಕೆಂಡಿನ 500ನೇ ಒಂದು ಭಾಗ ಸಿಗುತ್ತದೆ. ತಿರುಗುತ್ತಿರುವ ವೇಷದ ಕಣ್ಣಿನ ಕಾಡಿಗೆಯೂ ಗೆರೆಗೆರೆಯಾಗಿ ನಿಲ್ಲುತ್ತದೆ.

ಇಲ್ಲಿ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಬದಲಾಗಲಿಲ್ಲ ನೋಡಿ. ಬದಲಾಗಿದ್ದು ಲೆನ್ಸ್ ಮಾತ್ರ. ಅದಕ್ಕೇ ಕೈಯಲ್ಲಿರುವ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಲೆನ್ಸ್‌ಗೆ ಇಡಿ ಅಂತ ಗಟ್ಟಿಯಾಗಿ ಹೇಳುತ್ತೇನೆ. ಅಂಗಡಿಯವರು ಹೇಳುವುದು ಹೆಚ್ಚಾಗಿ ತಿರುವುಮುರುವು. ಬಾಡಿಯ ಹೊಸ ಮಾಡೆಲ್ ತೋರಿಸಿ, ಕಿಟ್ ಲೆನ್ಸ್ ಜೊತೆ ಬ್ಯಾಗು, ಟ್ರೈಪಾಡ್ ಸೇರಿಸಿ ಕಳಿಸುತ್ತಾರೆ.

ಹಕ್ಕಿಗಳ ವಿಷಯಕ್ಕೆ ಬಂದರೆ ಬೇಕಾಗುವುದೇ ಬೇರೆ. ಇಲ್ಲಿ ದೂರವೇ ಸಮಸ್ಯೆ. ಲೆನ್ಸ್‌ನ ಮಿ.ಮೀ. ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಆದರೆ ಎಲ್ಲ ಕಡೆ ಒಂದೇ ಥರ ಅಲ್ಲ. ರಂಗನತಿಟ್ಟಿನಲ್ಲಿ ದೋಣಿ ಮರಗಳ ಹತ್ತಿರಕ್ಕೇ ಹೋಗುತ್ತದೆ. ಬಣ್ಣದ ಕೊಕ್ಕರೆ, ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಇವಕ್ಕೆ 55-250 ಅಥವಾ 70-300 ಮಿ.ಮೀ. ಲೆನ್ಸ್ ಧಾರಾಳ ಸಾಕು. ಕೊಕ್ಕರೆಬೆಳ್ಳೂರಿನಲ್ಲೂ ಅಷ್ಟೇ, ಗೂಡುಗಳು ಊರೊಳಗಿನ ಮರಗಳಲ್ಲೇ ಇರುತ್ತವೆ. ದಾಂಡೇಲಿಯಲ್ಲಿ ಎತ್ತರದ ಮರದ ತುದಿಗೆ ಕೂತ ಮಂಗಟ್ಟೆ ಹಕ್ಕಿಗೆ ಅದೇ ಲೆನ್ಸ್ ಹಿಡಿದರೆ ಫೋಟೊದಲ್ಲಿ ಸಿಗುವುದು ಮರ. ಅಲ್ಲಿ 500–600 ಬೇಕು.

ಡಿಎಸ್ಎಲ್ಆರ್‌ನಲ್ಲಿ ಸಣ್ಣ ಸೆನ್ಸರ್, ಫುಲ್ ಫ್ರೇಮ್ ಅಂತ ಎರಡು ಬಗೆ ಇದೆಯಲ್ಲ, ಅದು ನೆರವಿಗೆ ಬರುವುದು ಇಲ್ಲೇ. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ. ಎಪಿಎಸ್-ಸಿ ಅನ್ನುವ ಸಣ್ಣದು ನಿಕಾನ್‌ನಲ್ಲಿ ಸುಮಾರು 23.5×15.6, ಕ್ಯಾನನ್‌ನಲ್ಲಿ ಇನ್ನೂ ಒಂಚೂರು ಚಿಕ್ಕದು. ಸಣ್ಣ ಸೆನ್ಸರ್ ನೋಟದ ನಡುಭಾಗವನ್ನಷ್ಟೇ ಹಿಡಿಯುವುದರಿಂದ 300ರ ಲೆನ್ಸ್ ನಿಕಾನ್‌ನಲ್ಲಿ 450ರಂತೆ, ಕ್ಯಾನನ್‌ನಲ್ಲಿ 480ರಂತೆ ಕೆಲಸ ಮಾಡುತ್ತದೆ. ಅಂದರೆ ಹಕ್ಕಿ ಚೌಕಟ್ಟಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಫುಲ್ ಫ್ರೇಮ್ ಅಂದರೆ ಯಾವಾಗಲೂ ಮೇಲು ಅನ್ನುವ ಮಾತು ಹಕ್ಕಿ ತೆಗೆಯುವವರ ಮಟ್ಟಿಗೆ ನಿಜವಲ್ಲ. ಕಡಿಮೆ ಬೆಳಕಿನಲ್ಲಿ ಅದು ಮೇಲು. ದೂರಕ್ಕೆ ಸಣ್ಣ ಸೆನ್ಸರ್ ಲಾಭ.

ಸೆಕೆಂಡ್ ಹ್ಯಾಂಡ್‌ನಲ್ಲಿ ಹಕ್ಕಿಗೆ ನನ್ನ ಮೊದಲ ಆಯ್ಕೆ ನಿಕಾನ್ ಡಿ500. 2016ರದ್ದು. ಸೆಕೆಂಡಿಗೆ 10 ಫೋಟೊ, ಚೌಕಟ್ಟಿನಲ್ಲಿ ಫೋಕಸ್ ಹಿಡಿಯುವ 153 ಬಿಂದು. ಜೊತೆಗೆ ನಿಕಾನ್ 200-500 ಎಫ್ 5.6, ಇಲ್ಲವೇ ಸಿಗ್ಮಾ ಅಥವಾ ಟ್ಯಾಮ್ರಾನ್‌ನ 150-600. ಹಾರುವ ಹಕ್ಕಿಯನ್ನು ಈ ಜೋಡಿ ಇವತ್ತಿಗೂ ಚೆನ್ನಾಗಿ ಹಿಡಿಯುತ್ತದೆ. ಕ್ಯಾನನ್ 1500ಡಿ ಥರದ ಶುರುವಿನ ಮಾಡೆಲ್‌ನಲ್ಲಿ ಇರುವುದು 9 ಬಿಂದು, ಸೆಕೆಂಡಿಗೆ 3 ಫೋಟೊ. ಕೂತ ಮಿಂಚುಳ್ಳಿಗೆ ತೊಂದರೆಯಿಲ್ಲ, ನೀರಿಗೆ ಧುಮುಕುವ ಮಿಂಚುಳ್ಳಿಗೆ ಕಷ್ಟ. ಒಂದು ಎಚ್ಚರ: 200-500 ಲೆನ್ಸ್ ಒಂದೇ 2.3 ಕಿಲೊ ತೂಗುತ್ತದೆ. ಕೊಳ್ಳುವ ಮುಂಚೆ ಹತ್ತು ನಿಮಿಷ ಕೈಯಲ್ಲಿ ಹಿಡಿದು ನೋಡಿ. ಕೆಲವು ಸಫಾರಿಗಳಲ್ಲಿ ಕ್ಯಾಮೆರಾಗೆ ಬೇರೆ ಶುಲ್ಕವೂ ಇರುತ್ತದೆ, ವಿಚಾರಿಸಿಕೊಳ್ಳಿ.

ಬೇಲೂರು, ಹಳೇಬೀಡು, ಸೋಮನಾಥಪುರದ ಹೊರಗೋಡೆಯ ಶಿಲ್ಪಗಳಿಗೆ ಕಿಟ್ ಲೆನ್ಸೇ ಸಾಕು. ಅಲ್ಲಿ ಕೆಲಸ ಮಾಡುವುದು ಬೆಳಗ್ಗೆ ಸಂಜೆಯ ಓರೆ ಬಿಸಿಲು. ಒಳಗಿನ ಭುವನೇಶ್ವರಿಗೆ, ಅಂದರೆ ಕೆತ್ತನೆಯ ಚಾವಣಿಗೆ, ಅಗಲದ ಲೆನ್ಸ್ ಬೇಕು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಇಡುವಂತಿಲ್ಲ. ಆದ್ದರಿಂದ ಕೈ ನಡುಕ ತಡೆಯುವ ವ್ಯವಸ್ಥೆ ಇರುವ ಕ್ಯಾನನ್ 10-18 ಅಥವಾ ನಿಕಾನ್ 10-20 ಒಳ್ಳೆಯದು. ಎರಡೂ ಹಗುರ, ಬೆಲೆಯೂ ಜಾಸ್ತಿಯಿಲ್ಲ.

ಮಳೆಗಾಲದ ಆಗುಂಬೆಯಲ್ಲಿ ಕಪ್ಪೆ, ಹುಳು, ಅಣಬೆ ತೆಗೆಯುವವರಿಗೆ ಯಾವ ಬಾಡಿ ಆದರೂ ನಡೆಯುತ್ತದೆ. ಫೋಕಸ್ ಹೆಚ್ಚಾಗಿ ಕೈಯಲ್ಲೇ ಮಾಡುವುದು. ಟ್ಯಾಮ್ರಾನ್ 90 ಅಥವಾ ಕ್ಯಾನನ್ 100 ಮಿ.ಮೀ. ಮ್ಯಾಕ್ರೊ, ಅಂದರೆ ಪುಟ್ಟದ್ದನ್ನು ತೀರ ಹತ್ತಿರದಿಂದ ತೆಗೆಯುವ ಲೆನ್ಸ್, ಒಂದು, ಫ್ಲ್ಯಾಶ್ ಒಂದು. ಹಳೆ ಡಿಎಸ್ಎಲ್ಆರ್‌ಗೆ ಇದಕ್ಕಿಂತ ಹೇಳಿ ಮಾಡಿಸಿದ ಕೆಲಸ ಇನ್ನೊಂದಿಲ್ಲ.

ಇನ್ನು ಮದುವೆ. ಇಲ್ಲಿ ನಾನು ಫೋಟೊದ ಅಂದಕ್ಕಿಂತ ಮೊದಲು ಕೇಳುವುದು ಒಂದೇ: ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡ್‌ಗೆ ಜಾಗ ಇದೆಯಾ? ಪುರೋಹಿತರು ಗಟ್ಟಿಮೇಳ ಅಂದ ಆ ಗಳಿಗೆ, ಅಕ್ಷತೆ ಗಾಳಿಯಲ್ಲಿದೆ, ತಾಳಿ ಕೊರಳಿಗೆ ಬೀಳುತ್ತಿದೆ. ಅದನ್ನು ಇನ್ನೊಮ್ಮೆ ಮಾಡಿ ಅನ್ನೋಕಾಗಲ್ಲ. ಒಂದೇ ಕಾರ್ಡ್ ಇದ್ದು ಅದು ಕೈಕೊಟ್ಟರೆ ಆ ಮನೆಯವರಿಗೆ ಏನು ಹೇಳುತ್ತೀರಿ? ಎರಡು ಕಾರ್ಡ್ ಇದ್ದರೆ ಒಂದೇ ಫೋಟೊ ಎರಡರಲ್ಲೂ ಉಳಿಯುವಂತೆ ಇಡಬಹುದು. ನಿಕಾನ್ ಡಿ7200ರಲ್ಲಿ ಎರಡು ಜಾಗ ಇದೆ. ಅದರ ನಂತರ ಬಂದ ಡಿ7500ರಲ್ಲಿ ಒಂದೇ. ಹೊಸದು ಅಂದಮಾತ್ರಕ್ಕೆ ನಿಮ್ಮ ಕೆಲಸಕ್ಕೆ ಮೇಲು ಅಂತಲ್ಲ. ಫುಲ್ ಫ್ರೇಮ್‌ನಲ್ಲಿ ಡಿ750, ಕ್ಯಾನನ್ 5ಡಿ ಮಾರ್ಕ್ 3 ಎರಡರಲ್ಲೂ ಜೋಡಿ ಕಾರ್ಡ್ ಇದೆ. ಕ್ಯಾನನ್ 6ಡಿಯಲ್ಲಿ ಇಲ್ಲ.

ಇವುಗಳಿಂದ ಮದುವೆ ಮುಗಿಸಬಹುದು, ಇವತ್ತಿಗೂ ಮುಗಿಸುವವರಿದ್ದಾರೆ. ಆದರೂ ಹೊಸದಾಗಿ ಸ್ಟುಡಿಯೊ ಇಡುವವರು ಮಿರರ್‌ಲೆಸ್‌ಗೇ ಹೋಗಲಿ. ಈಗ ಮದುವೆ ಮನೆಯವರು ಫೋಟೊ ಜೊತೆ ರೀಲ್ ಕೇಳುತ್ತಾರೆ, ವಿಡಿಯೊ ಕೇಳುತ್ತಾರೆ. ಡಿಎಸ್ಎಲ್ಆರ್‌ನ ದುರ್ಬಲ ಜಾಗವೇ ಅದು. ಕನ್ನಡಿ ಎತ್ತಿ ವಿಡಿಯೊ ಶುರು ಮಾಡಿದ ಕೂಡಲೇ ಅದರ ವೇಗದ ಫೋಕಸ್ ವ್ಯವಸ್ಥೆಗೆ ಬೆಳಕು ಸಿಗುವುದು ನಿಲ್ಲುತ್ತದೆ. ಡಿ5600 ಫೋಕಸ್‌ಗಾಗಿ ಹಿಂದೆ ಮುಂದೆ ತಡಕಾಡುತ್ತದೆ. ಕ್ಯಾನನ್ 200ಡಿ ಮಾರ್ಕ್ 2ರ ಥರದವು ಸೆನ್ಸರ್‌ನಲ್ಲೇ ಫೋಕಸ್ ಬಿಂದುಗಳಿರುವುದರಿಂದ ಪರವಾಗಿಲ್ಲ, ಆದರೆ 4ಕೆಯಲ್ಲಿ ಆ ಅನುಕೂಲ ಸಿಗುವುದಿಲ್ಲ. 1500ಡಿ, ಡಿ3500ಕ್ಕೆ ಹೊರಗಿನ ಮೈಕ್ ಸಿಕ್ಕಿಸುವ ತೂತೇ ಇಲ್ಲ. ಯೂಟ್ಯೂಬ್ ಮಾಡುತ್ತೇನೆ ಅಂತ 1500ಡಿ ಕೊಂಡವರು ಕೊನೆಗೆ ದನಿಯನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಹೊಂದಿಸುತ್ತಾ ಕೂರಬೇಕು. ಹೆಚ್ಚಿನ ಡಿಎಸ್ಎಲ್ಆರ್‌ಗಳು ಅರ್ಧ ಗಂಟೆಯೊಳಗೆ ರೆಕಾರ್ಡಿಂಗ್ ನಿಲ್ಲಿಸಿಬಿಡುತ್ತವೆ ಕೂಡ. ರಾತ್ರಿಯಿಡೀ ನಡೆಯುವ ಪ್ರಸಂಗವನ್ನೋ, ಎರಡು ಗಂಟೆಯ ಕಛೇರಿಯನ್ನೋ ದಾಖಲಿಸಬೇಕು ಅನ್ನುವವರು ಇದನ್ನು ಮೊದಲೇ ತಿಳಿದಿರಬೇಕು.

ಮುಂದಿನ ಪ್ರಶ್ನೆ, ಇವತ್ತು ಕೊಂಡದ್ದು ನಾಳೆ ಏನಾಗುತ್ತದೆ ಅನ್ನುವುದು. ಬಾಡಿ ಹಳೆಯದಾಗುತ್ತದೆ, ಲೆನ್ಸ್ ಉಳಿಯುತ್ತದೆ. ಲೆನ್ಸ್ ಕೂರುವ ಬಳೆಗೆ ಮೌಂಟ್ ಅನ್ನುತ್ತಾರೆ. ನಿಕಾನ್‌ನ ಎಫ್ ಮೌಂಟ್ 1959ರದ್ದು, ಕ್ಯಾನನ್‌ನ ಇಎಫ್ 1987ರದ್ದು. ಎರಡೂ ಕಂಪನಿ 2018ರಲ್ಲಿ ಮಿರರ್‌ಲೆಸ್‌ಗೆ ಹೊಸ ಮೌಂಟ್ ತಂದವು: ನಿಕಾನ್ ಝಡ್, ಕ್ಯಾನನ್ ಆರ್‌ಎಫ್. ಹಳೆ ಲೆನ್ಸ್ ಹೊಸ ಬಾಡಿಗೆ ಅಡಾಪ್ಟರ್ ಮೂಲಕ ಕೂರುತ್ತದೆ. ಕ್ಯಾನನ್‌ನಲ್ಲಿ ಇಎಫ್ ಲೆನ್ಸ್‌ಗಳು ಆಟೊಫೋಕಸ್ ಸಮೇತ ಚೆನ್ನಾಗಿಯೇ ನಡೆಯುತ್ತವೆ. ನಿಕಾನ್‌ನಲ್ಲಿ ಒಳಗೇ ಫೋಕಸ್ ಮೋಟರ್ ಇರುವ ಎಎಫ್-ಎಸ್ ಲೆನ್ಸ್‌ಗಳಿಗೆ ಆಟೊಫೋಕಸ್ ಸಿಗುತ್ತದೆ. ಮೋಟರ್ ಇಲ್ಲದ ಹಳೆ ಎಎಫ್-ಡಿ ಲೆನ್ಸ್‌ಗಳಿಗೆ ನಿಕಾನ್‌ನ ಅಡಾಪ್ಟರ್‌ನಲ್ಲಿ ಸಿಗುವುದಿಲ್ಲ. ಹೊಸ ಲೆನ್ಸ್‌ಗಳು ಮಾತ್ರ ಡಿಎಸ್ಎಲ್ಆರ್‌ಗೆ ಕೂರುವುದೇ ಇಲ್ಲ. ಆದ್ದರಿಂದ ಈಗ ಒಳ್ಳೆ ಇಎಫ್ ಅಥವಾ ಎಎಫ್-ಎಸ್ ಲೆನ್ಸ್ ಕೊಂಡು ಹಳೆ ಬಾಡಿಯಲ್ಲಿ ಕಲಿತು, ನಾಲ್ಕು ವರ್ಷ ಬಿಟ್ಟು ಬಾಡಿ ಮಾತ್ರ ಬದಲಾಯಿಸುವುದು ಬುದ್ಧಿವಂತರ ಲೆಕ್ಕ. ಕ್ಯಾನನ್ ಎಂ50 ಥರದ ಇಎಫ್-ಎಂ ಮೌಂಟ್‌ನ ಮಿರರ್‌ಲೆಸ್ ಕ್ಯಾಮೆರಾಗಳೂ ಈಗ ಅಗ್ಗಕ್ಕೆ ಸಿಗುತ್ತವೆ. ಆ ಮೌಂಟ್ ನಿಂತುಹೋಗಿದೆ, ಅದರ ಲೆನ್ಸ್‌ಗಳು ಆರ್‌ಎಫ್ ಬಾಡಿಗೆ ಕೂರುವುದಿಲ್ಲ. ಮಿರರ್‌ಲೆಸ್ ಅನ್ನುವ ಒಂದೇ ಕಾರಣಕ್ಕೆ ಅದನ್ನು ತರಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಜನ ಮೋಸ ಹೋಗುವುದಕ್ಕಿಂತ ಜಾಸ್ತಿ, ಹೊಂದಿಕೆ ತಿಳಿಯದೆ ಸಿಕ್ಕಿಬೀಳುತ್ತಾರೆ. ನಿಕಾನ್ ಡಿ3000 ಮತ್ತು ಡಿ5000 ಸರಣಿಯ ಬಾಡಿಗಳೊಳಗೆ ಫೋಕಸ್ ಮೋಟರ್ ಇಲ್ಲ. ಹಳೆ 50 ಮಿ.ಮೀ. ಎಫ್ 1.8 ಡಿ ಲೆನ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು ಡಿ5600ಕ್ಕೆ ಹಾಕಿದರೆ ಆಟೊಫೋಕಸ್ ಆಗಲ್ಲ. ಹೆಸರಿನ ಕೊನೆಗೆ ‘ಜಿ’ ಇರುವ ಎಎಫ್-ಎಸ್ ಲೆನ್ಸ್ ನೋಡಿ ತರಬೇಕು. ಹಾಗೆಯೇ ಹೊಸ ಎಎಫ್-ಪಿ ಲೆನ್ಸ್‌ಗಳು ಡಿ90, ಡಿ7000, ಡಿ5100, ಡಿ3100ರಂಥ ಹಳೆ ಬಾಡಿಗಳಲ್ಲಿ ಕೆಲಸ ಮಾಡುವುದಿಲ್ಲ. ಮೇಲೆ ಹೇಳಿದ 10-20 ಕೂಡ ಎಎಫ್-ಪಿಯೇ. ಕ್ಯಾನನ್‌ನಲ್ಲಿ ಸಣ್ಣ ಸೆನ್ಸರ್‌ಗಾಗಿ ಮಾಡಿದ ಇಎಫ್-ಎಸ್ ಲೆನ್ಸ್‌ಗಳು ಫುಲ್ ಫ್ರೇಮ್ ಡಿಎಸ್ಎಲ್ಆರ್‌ಗೆ ಕೂರುವುದೇ ಇಲ್ಲ.

ಹೊಂದಿಕೆ ಸರಿಯಿದ್ದರೆ ಕ್ಯಾಮೆರಾ ಕೈಗೆ ತೆಗೆದುಕೊಳ್ಳಿ. ಹಗಲಲ್ಲಿ ಹೋಗಿ. ಅಪರ್ಚರ್ ಎಫ್ 16ಕ್ಕೆ ಇಟ್ಟು ಬಿಳಿ ಗೋಡೆ ಅಥವಾ ಬರೀ ಆಕಾಶದ ಫೋಟೊ ತೆಗೆಯಿರಿ. ಸೆನ್ಸರ್ ಮೇಲಿನ ಕಲೆಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಧೂಳಾದರೆ ಕ್ಲೀನ್ ಮಾಡಿಸಬಹುದು, ಗೀರಾದರೆ ಬೇಡ. ಶಟರ್ ಎಷ್ಟು ಸಲ ಬಿದ್ದಿದೆ ಅನ್ನುವುದು ನಿಕಾನ್‌ನ ಫೋಟೊ ಫೈಲ್‌ನಲ್ಲೇ ಬರೆದಿರುತ್ತದೆ. ಒಂದು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಕ್ಯಾನನ್‌ನ ಹೆಚ್ಚಿನ ಮಾಡೆಲ್‌ಗಳಲ್ಲಿ ಇದು ಅಷ್ಟು ಸುಲಭವಿಲ್ಲ. ಡಿ5600ರಂಥವನ್ನು 1 ಲಕ್ಷ, ಡಿ500, ಡಿ850ರಂಥವನ್ನು 2 ಲಕ್ಷ ಸಲಕ್ಕೆ ಪರೀಕ್ಷಿಸಿರುತ್ತಾರೆ. ಆ ಸಂಖ್ಯೆ ದಾಟಿದ ತಕ್ಷಣ ಕೆಡುತ್ತದೆ ಅಂತಲ್ಲ, ಬೆಲೆ ಮಾತಾಡಲು ಅದು ಅಳತೆಗೋಲು. ಬಿಲ್ ಮೇಲಿನ ಸೀರಿಯಲ್ ನಂಬರ್, ಬಾಡಿಯ ತಳದಲ್ಲಿರುವುದು ಎರಡೂ ಒಂದೇನಾ ನೋಡಿ. ಬಿಲ್ಲೇ ಇಲ್ಲ ಅಂದರೆ ಕದ್ದ ಮಾಲೂ ಇರಬಹುದು, ಬಿಟ್ಟುಬಿಡಿ. ಆ ಮಾಡೆಲ್‌ಗೆ ಬಿಡಿಭಾಗ ಇನ್ನೂ ಬರುತ್ತಿವೆಯಾ ಅಂತ ಸರ್ವಿಸ್ ಸೆಂಟರ್‌ಗೆ ಒಂದು ಫೋನ್ ಮಾಡಿ ಕೇಳಿ. ಮಾದರಿ ನಿಂತುಹೋದ ಕಾಲದಲ್ಲಿ ಇದು ಬಹಳ ಮುಖ್ಯ.

ಎಫ್ 1.8ರ ಥರದ ಲೆನ್ಸ್ ಆದರೆ ಒಂದು ಪರೀಕ್ಷೆ ಜಾಸ್ತಿ. ಡಿಎಸ್ಎಲ್ಆರ್‌ನಲ್ಲಿ ಫೋಕಸ್ ಅಳೆಯುವ ಭಾಗ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಇವೆರಡರ ನಡುವೆ ಕೂದಲೆಳೆಯ ವ್ಯತ್ಯಾಸ ಬಂದರೂ ಕಣ್ಣಿಗೆ ಇಟ್ಟ ಫೋಕಸ್ ಕಿವಿಗೆ ಬೀಳುತ್ತದೆ. ದಿನಪತ್ರಿಕೆಯನ್ನು ಮೇಜಿನ ಮೇಲೆ ಹಾಸಿ, ಓರೆಯಿಂದ, ಒಂದು ಸಾಲಿಗೆ ಫೋಕಸ್ ಇಟ್ಟು ತೆಗೆಯಿರಿ. ಅದೇ ಸಾಲು ಚೂಪಾಗಿ ಬಂತಾ, ಮುಂದಿನದ್ದೋ ಹಿಂದಿನದ್ದೋ ಬಂತಾ ನೋಡಿ. ಡಿ7200, ಡಿ7500ರಲ್ಲಿ ಇದನ್ನು ಮೆನುವಿನಲ್ಲೇ ಸರಿಮಾಡಿಕೊಳ್ಳಬಹುದು. ಶುರುವಿನ ಮಾಡೆಲ್‌ಗಳಲ್ಲಿ ಆ ಸೌಲಭ್ಯ ಇಲ್ಲ.

ಲೆನ್ಸ್‌ನ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಜೇಡರ ಬಲೆಯ ಎಳೆಗಳಂತೆ ಕಂಡರೆ ಅದು ಫಂಗಸ್. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಕರಾವಳಿ, ಮಲೆನಾಡಿನಲ್ಲಿ ಇರುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ದೊಡ್ಡ ಶತ್ರು. ಚರ್ಮದ ಕೇಸ್‌ನಲ್ಲಿ, ಬಟ್ಟೆಯ ಬೀರುವಿನಲ್ಲಿ ಇಟ್ಟ ಲೆನ್ಸ್ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯಬಹುದು. ತೇವ ತಡೆಯುವ ಪೆಟ್ಟಿಗೆ, ಡ್ರೈ ಕ್ಯಾಬಿನೆಟ್, ಇಟ್ಟರೆ ಒಳ್ಳೆಯದು. ಆಗದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಮೀಟರ್. ತೇವಾಂಶ ಶೇ 40–50ರ ಒಳಗೆ ಇದ್ದರೆ ಸಾಕು. ಜೆಲ್‌ನ ಬಣ್ಣ ಬದಲಾದರೆ ತೇವ ತುಂಬಿದೆ ಅಂತ. ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು, ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ. ಬಾಡಿ, ಲೆನ್ಸ್ ಅಂತ ಲೆಕ್ಕ ಹಾಕುವಾಗ ಈ ಡಬ್ಬಿಯ ಖರ್ಚನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಿ.